ಒಳಚಿಲಕ

"ಅವಳೆಲ್ಲೋ?"

ಕಲ್ಲಪ್ಪ ಆಗತಾನೇ ಗುಡ್ಡದ ತುದಿ ಮುಟ್ಟಿದ್ದ. ಪ್ಯಾಂಟಿನ ಎರಡೂ ಜೇಬು ಜೋತುಬೀಳುವಷ್ಟು ಕಲ್ಲು ತುಂಬಿಕೊಂಡು, ಅದರಲ್ಲೊಂದನ್ನು ಬಿಸಿಲಿಗೆ ಹಿಡಿದು, "ಅಮ್ಮ, ಇಲ್ನೋಡು, ಇದರೊಳಗೆ ಹೊಳೀತಿರೋದೇನು ಹೇಳು" ಎನ್ನುತ್ತಿದ್ದ. ತಾಯಿಗೆ ಕಲ್ಲು ಯಾಕೆ ಬೇಕು? ಕಾಲುದಾರಿ ದೊಡ್ಡ ಬಂಡೆಯ ಮರೆಯಿಂದ ಹೊರಬರುವ ಜಾಗದಲ್ಲೇ ಅವಳ ಕಣ್ಣು ನೆಟ್ಟಿತ್ತು. ಅಲ್ಲಿ ಯಾರೂ ಇರಲಿಲ್ಲ.

"ಬರ್ತಿದಾಳೆ, ಹಿಂದೇನೇ ಇದ್ಲು."

"ಹಿಂದೆ ಇದ್ರೆ ಆಗಲ್ಲ ಕಣೋ! ನೀನು ಅವಳ ಎಡಗಡೆ ನಡೀಬೇಕು ಅಂತ ಎಷ್ಟು ಸಲ ಬಾಯಿ ಬಡ್ಕೊಂಡಿದೀನಿ? ಕಲ್ಲು ಕಂಡ್ರೆ ಸಾಕು, ನಿನಗೆ ಪ್ರಪಂಚಾನೇ ಮರೆತುಹೋಗುತ್ತೆ."

ಟೊಪ್ಪಿಗೆಯನ್ನು ಮುಖದ ಮೇಲೆ ಮುಚ್ಚಿಕೊಂಡು ಹುಲ್ಲಿನಲ್ಲಿ ಮಲಗಿದ್ದ ಗಂಡ ಅದರೊಳಗಿಂದಲೇ ಮಾತಾಡಿದ. "ಗುಡ್ಡ ಹತ್ತೋಕೆ ಬಂದಿದೀವೋ, ಗಡಿ ಕಾಯೋಕೆ ಬಂದಿದೀವೋ? ಒಂದು ಗಳಿಗೆ ಕೂತ್ಕೊಳ್ಳೇ ಪುಣ್ಯಾತ್ಗಿತ್ತಿ."

ಅವಳು ಕೂರಲಿಲ್ಲ. ಇಳಿಜಾರಿನಲ್ಲಿ ಅರ್ಧ ಓಡುತ್ತಾ ಅರ್ಧ ಜಾರುತ್ತಾ ಇಳಿಯತೊಡಗಿದಾಗ ಮಗಳು ಬಂಡೆಯ ಮರೆಯಿಂದ ಕಾಣಿಸಿಕೊಂಡಳು. ಮೆಲ್ಲಗೆ ಬರುತ್ತಿದ್ದಳು. ಮೊಣಕೈಗೆ ಮಣ್ಣು ಮೆತ್ತಿತ್ತು.

"ಏನಾಯ್ತೇ?"

"ಶೂ ಲೇಸ್ ಬಿಚ್ಚಿತ್ತು. ಕೂತು ಕಟ್ಕೊಂಡೆ."

ತಾಯಿ ಅವಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಒಂದೊಂದು ಕಣ್ಣನ್ನೂ ಬೇರೆಬೇರೆಯಾಗಿ ನೋಡಿದಳು. "ಏನಮ್ಮ ಇದು, ನಾನೇನು ಸಂತೇಲಿ ಕಟ್ಟಿರೋ ಎಮ್ಮೇನಾ? ಹಲ್ಲೂ ಎಣಿಸ್ತೀಯಾ?" ಎಂದು ಮಗಳು ಬಾಯಿ ತೆರೆದು ತೋರಿಸಿದ ಮೇಲೆ ತಾಯಿಗೆ ಹೋದ ಜೀವ ಬಂದಂತಾಯಿತು. ಎಡಕಿವಿಯ ಮೇಲೆ ಕೂದಲಿಗೆ ಸಿಕ್ಕಿಕೊಂಡಿದ್ದ ಒಣಹುಲ್ಲಿನ ಕಡ್ಡಿಯನ್ನು ಅವಳೇ ತೆಗೆದು ಎಸೆದಳು. ವಾಪಸು ಬರುವಾಗ ಮಗಳು ದಾರಿಯುದ್ದಕ್ಕೂ ಕಾರಿನಲ್ಲಿ ನಿದ್ದೆ ಮಾಡಿದಳು. ಬಿಸಿಲು ಹತ್ತಿದೆ ಎಂದುಕೊಂಡರು.

ಮಗಳಿಗೆ ಮನೆಯಲ್ಲಿ ಸಾಸಿವೆ ಎಂದು ಹೆಸರು. ಕಾದ ಎಣ್ಣೆಗೆ ಹಾಕಿದ ಸಾಸಿವೆಯ ಹಾಗೆ ಮಾತಿಗೆ ಮೊದಲೇ ಚಟಪಟ ಸಿಡಿಯುವವಳು. ಅವಳ ಅವಳಿ ತಮ್ಮ ಕಲ್ಲಪ್ಪ. ಅವಳಾದ ಮೇಲೆ ಗೋಡೆ ಗಡಿಯಾರ ಒಂದು ಸಲ ಹೊಡೆಯುವಷ್ಟು ಹೊತ್ತಿಗೆ ಹುಟ್ಟಿದವನಾದರೂ ಅವಳು ಅವನಿಂದ ಅಕ್ಕ ಅನ್ನಿಸಿಕೊಳ್ಳುವುದನ್ನು ಬಿಟ್ಟವಳಲ್ಲ. ಕಂಡ ಕಂಡ ಕಲ್ಲನ್ನೆಲ್ಲ ಹೊತ್ತು ತಂದು ಮಂಚದ ಕೆಳಗೆ ಪೇರಿಸುತ್ತಿದ್ದ ಇವನಿಗೆ ಆ ಹೆಸರಿಟ್ಟದ್ದು ಅಪ್ಪ. ಬೇಸಿಗೆ ಕಳೆದರೆ ಇಬ್ಬರೂ ಕಾಲೇಜಿಗೆ ಹೊರಡಬೇಕು. ಮೋಡ, ಗಾಳಿ, ಹವಾಮಾನದ ಹುಚ್ಚಿನ ಸಾಸಿವೆಗೆ ಸಮುದ್ರದ ಪಕ್ಕದ ಊರಿನಲ್ಲಿ ಸೀಟು ಸಿಕ್ಕಿತ್ತು. ಕಲ್ಲಪ್ಪನಿಗೆ ಕಲ್ಲಿನ ವಿದ್ಯೆ ಹೇಳಿಕೊಡುವ ಬೆಟ್ಟದ ಊರಿನಲ್ಲಿ. ಒಂದು ಉತ್ತರ, ಒಂದು ದಕ್ಷಿಣ. ನಡುವೆ ಒಂದು ಹಗಲು ಒಂದು ರಾತ್ರಿಯ ರೈಲು ಪ್ರಯಾಣ.

ತಾಯಿಗೆ ನಿದ್ದೆ ಬಿಟ್ಟದ್ದು ಆ ಸೀಟುಗಳು ಸಿಕ್ಕ ದಿನದಿಂದ. ಮಕ್ಕಳು ಓದಲು ಹೋಗುತ್ತಾರೆಂದರೆ ಯಾವ ತಾಯಿಗೆ ಸಂಕಟವಾಗುವುದಿಲ್ಲ, ಎಲ್ಲರಿಗೂ ಆಗುತ್ತದೆ. ಇವಳದು ಅಂಥದ್ದಲ್ಲ. ಸಾಸಿವೆ ಸಣ್ಣವಳಿದ್ದಾಗ ಒಂದು ಸಂಜೆ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡವಳು ಒಳಗೆ ಬಿದ್ದಿದ್ದಳು. ಮೂರ್ಛೆ. ಅವಳ ಹಿಮ್ಮಡಿ ಬಾಗಿಲಿಗೆ ಬಡಿದುಕೊಳ್ಳುವ ಸದ್ದು ಹೊರಗೆ ಕೇಳುತ್ತಿತ್ತು, ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ. ಅವಳಪ್ಪ ಲಿಫ್ಟ್ ಮೆಕ್ಯಾನಿಕ್. ಊರಿನ ಎತ್ತರದ ಕಟ್ಟಡಗಳಲ್ಲಿ ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನು ಬಾಗಿಲು ಬಿಡಿಸಿ ಹೊರಗೆ ತರುವುದೇ ಅವನ ಕೆಲಸ. ಅಂಥವನ ಕೈ ಅವತ್ತು ತನ್ನ ಮನೆಯ ಒಂದು ಸಾದಾ ಚಿಲಕಕ್ಕೆ ನಡುಗಿ, ಸ್ಕ್ರೂಡ್ರೈವರ್ ಮತ್ತೆ ಮತ್ತೆ ಜಾರಿ ಬಿತ್ತು. ಮಗಳು ಉಳಿದಳು. ಅವತ್ತೇ ಅವನು ಮನೆಯ ಒಂದೊಂದು ಬಾಗಿಲಿನ ಚಿಲಕವನ್ನೂ ಬಿಚ್ಚಿ ಹಾಕಿದ. ಮುಂಬಾಗಿಲೊಂದು ಬಿಟ್ಟು.

ಚಿಲಕ ಹೋದ ಮೇಲೆ ಬಂದದ್ದು ಹಾಡಿನ ಕಟ್ಟಳೆ. ಬಚ್ಚಲಿಗೆ ಹೋದವರು ಹೊರಗೆ ಬರುವ ತನಕ ಏನಾದರೂ ಹಾಡುತ್ತಿರಬೇಕು, ಕೊನೆಗೆ ಮೂಗಿನಲ್ಲಾದರೂ ಗುನುಗುತ್ತಿರಬೇಕು. ಹಾಡು ನಿಂತರೆ ತಾಯಿ ಒಂದು ಸಲ ಕರೆಯುತ್ತಾಳೆ. ಉತ್ತರ ಬರದಿದ್ದರೆ ಒಳಗೆ ನುಗ್ಗುತ್ತಾಳೆ. "ನಾನೊಬ್ಳೇ ಯಾಕೆ ಹಾಡ್ಬೇಕು?" ಎಂದು ಸಾಸಿವೆ ಸಿಡಿದದ್ದಕ್ಕೆ ಎಲ್ಲರಿಗೂ ಅದೇ ಕಾನೂನಾಯಿತು. ಬೆಳಗಿನ ಹೊತ್ತು ಆ ಮನೆಗೆ ಬರಬೇಕು ನೀವು! ಕಲ್ಲಪ್ಪನದು ಸಿಳ್ಳೆ, ತಾಯಿಯದು ಅರ್ಧಕ್ಕೇ ಮರೆತುಹೋಗುವ ಜೋಗುಳ, ಗಂಡನ ದನಿಯೋ, ತುಕ್ಕು ಹಿಡಿದ ಗೇಟು. ಒಮ್ಮೆ ಬಂದಿದ್ದ ದೊಡ್ಡಮ್ಮ ಎರಡು ದಿನ ಇದನ್ನು ಕೇಳಿ, "ಇದೇನು ಮನೇನೋ, ಸಂಗೀತದ ಶಾಲೇನೋ? ನನಗಂತೂ ಹಾಡ್ತಾ ಬಚ್ಚಲಿಗೆ ಹೋಗೋಕೆ ಬರಲ್ಲ" ಎಂದು ಗಂಟುಮೂಟೆ ಕಟ್ಟಿದ್ದರು. ಹೊರಗೆ ಎಲ್ಲಾದರೂ ಹೋದಾಗ ತಾಯಿಯೋ ಒಬ್ಬ ಗೆಳತಿಯೋ ಹೊರಗಿನಿಂದ ಬಾಗಿಲು ಹಿಡಿದು ನಿಲ್ಲಬೇಕು. ಗುಳಿಗೆ ಹಿಡಿಯಿತು, ಮೂರ್ಛೆ ಬಂದು ವರ್ಷಗಳೇ ಆದವು. ಹಾಡು ನಿಲ್ಲಲಿಲ್ಲ.

ಈಗ ಹಾಸ್ಟೆಲಿನಲ್ಲಿ ಯಾರು ಕೇಳಬೇಕು ಅವಳ ಹಾಡು?

ತಾಯಿ ಕೆಲಸ ಮಾಡುವುದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ. ಅವಳದು ರಫು. ಕಿಡಿ ಹಾರಿ ಸುಟ್ಟ, ಮೊಳೆಗೆ ಸಿಕ್ಕಿ ಹರಿದ ಕೋಟು, ಶಾಲುಗಳ ತೂತನ್ನು ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ತೆಗೆದು ನೇಯ್ದು ಮುಚ್ಚುವುದು. ಬೇಸಿಗೆಯ ಆರಂಭದಲ್ಲಿ ಒಂದು ಮಧ್ಯಾಹ್ನ ಬುತ್ತಿ ಕೊಡಲು ಬಂದ ಮಗನನ್ನು ಅವಳು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡಳು. ಸೂಜಿಯಿಂದ ಕಣ್ಣೆತ್ತದೆ ಹೇಳಿದಳು.

"ನೀನೂ ಅವಳ ಕಾಲೇಜಿಗೇ ಸೇರ್ಕೊಳ್ಳೋ. ಈಗಲೂ ಬದಲಾಯಿಸ್ಕೊಡ್ತಾರಂತೆ, ವಿಚಾರಿಸ್ದೆ."

"ಅಲ್ಲಿ ಕಲ್ಲಿನದು ಇಲ್ಲ ಅಮ್ಮ."

"ಕಲ್ಲು ಎಲ್ಲಿಗೆ ಓಡಿಹೋಗುತ್ತೆ? ಒಂದೆರಡು ವರ್ಷ ಅವಳ ಜೊತೆ ಇರು, ಆಮೇಲೆ ನೋಡ್ಕೊಂಡ್ರಾಯ್ತು. ಅವಳಿಗೆ ಹೇಳ್ಬೇಡ. ನಿನಗೇ ಮನಸ್ಸು ಬದಲಾಯ್ತು ಅನ್ನು. ನಿಮ್ಮಪ್ಪಂಗೂ ಬೇಡ."

ಕಲ್ಲಪ್ಪ ಮೇಜಿನ ಮೇಲಿದ್ದ ದಾರದ ಉಂಡೆಯನ್ನು ಅತ್ತಿತ್ತ ಉರುಳಿಸುತ್ತಾ ಬಹಳ ಹೊತ್ತು ಕೂತಿದ್ದ. "ನೋಡೋಣ ಅಮ್ಮ" ಎಂದ. ಹೂಂ ಅಲ್ಲ, ಉಹೂಂ ಅಲ್ಲ. ಆ 'ನೋಡೋಣ' ಬೇಸಿಗೆಯುದ್ದಕ್ಕೂ ಅವಳ ಗಂಟಲಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು. ಮಗನ ಆಸೆಗೆ ತಾನೇ ಕಲ್ಲು ಹಾಕುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿತ್ತು. ಒಂದು ಕಣ್ಣಿಗೆ ಸುಣ್ಣ, ಒಂದು ಕಣ್ಣಿಗೆ ಬೆಣ್ಣೆ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಆದರೆ ರಾತ್ರಿ ಕಣ್ಣು ಮುಚ್ಚಿದರೆ ಬಾಗಿಲಿಗೆ ಬಡಿಯುವ ಆ ಹಿಮ್ಮಡಿಯ ಸದ್ದು.

ಅದೇ ವಾರ ಸಾಸಿವೆ, "ಹೋಗೋ ತನಕ ಒಂದು ಭಾನುವಾರಾನೂ ಮನೇಲಿ ಕೂರೋದು ಬೇಡ. ಬೆಟ್ಟ, ಹೊಳೆ, ಕಾಡು, ಎಲ್ಲಾ ಸುತ್ತೋಣ" ಎಂದಾಗ ತಾಯಿ ತಕ್ಷಣ ಒಪ್ಪಿದಳು. ಬಿಸಿಲಿಗೆ ಹೋಗಬೇಡ, ನೀರಿಗೆ ಹೋಗಬೇಡ ಎಂದೇ ಮಕ್ಕಳನ್ನು ಬೆಳೆಸಿದವಳು ಇಷ್ಟು ಸಲೀಸಾಗಿ ಒಪ್ಪಿದ್ದು ಕಂಡು ಗಂಡ, "ಇವತ್ತು ಸೂರ್ಯ ಯಾವ ಕಡೆ ಹುಟ್ಟಿದಾನೆ ನೋಡ್ರೋ" ಎಂದ. ಅವಳ ಲೆಕ್ಕ ಅವಳಿಗೆ. ಹೊರಗೆ ಕರೆದುಕೊಂಡು ಹೋದರೆ ಮಗನಿಗೆ ಎಲ್ಲವನ್ನೂ ಕಲಿಸಬಹುದು. ಎಲ್ಲಿ ನಡೆಯಬೇಕು, ಎಲ್ಲಿ ಕೂರಬೇಕು, ಅವಳು ಎಡಕ್ಕೇ ಬೀಳುವುದರಿಂದ ಯಾವಾಗಲೂ ಹೇಗೆ ಎಡಕ್ಕೇ ಇರಬೇಕು.

ಹೀಗೆ ಶುರುವಾದ ವಿಹಾರಗಳು ಹೊರಗಿನವರ ಕಣ್ಣಿಗೆ ಚಂದವೇ ಇದ್ದವು. ಹೊಳೆಯ ದಂಡೆಯಲ್ಲಿ ಕಾಲು ಇಳಿಬಿಟ್ಟು ಕೂತರು, ಆದರೆ ಸಾಸಿವೆಯ ಹಿಂದಿನಿಂದ ತಾಯಿ ಅವಳ ಅಂಗಿಯ ತುದಿ ಹಿಡಿದಿದ್ದಳು. ಕಾಡಿನಲ್ಲಿ ಮರದ ಕೆಳಗೆ ಊಟವಾದ ಮೇಲೆ ತಾಲೀಮು ನಡೆಯಿತು.

"ಈಗ ಅವಳು ಬಿದ್ಲು ಅಂದ್ಕೋ. ಏನ್ಮಾಡ್ತೀಯ?"

"ಪಕ್ಕಕ್ಕೆ ತಿರುಗಿಸಿ ಮಲಗಿಸ್ತೀನಿ. ಬಾಯಿಗೆ ಏನೂ ತುರುಕಲ್ಲ. ಕೈಕಾಲು ಅದುಮಿ ಹಿಡಿಯಲ್ಲ."

"ಬಾಯಲ್ಲಿ ಹೇಳ್ಬೇಡ, ಮಾಡಿ ತೋರಿಸು."

ಸಾಸಿವೆ ಹುಲ್ಲಿನ ಮೇಲೆ ಅಂಗಾತ ಬಿದ್ದು ನಾಲಗೆ ಹೊರಗೆ ಚಾಚಿದಳು. "ಹೋದೆ ಕಣೋ ತಮ್ಮಾ, ನಾನು ಹೋದೆ. ನನ್ನ ಹಾಸಿಗೆ ನೀನೇ ತಗೋ. ನಿನ್ನ ಕಲ್ಲನ್ನೆಲ್ಲ ನನ್ನ ಮೇಲೆ ಪೇರಿಸು." ಕಲ್ಲಪ್ಪ ನಕ್ಕುನಕ್ಕು ಅವಳನ್ನು ತಿರುಗಿಸಲಾಗದೆ ತಾನೇ ಉರುಳಿದ. ಅಪ್ಪನೂ ನಕ್ಕ. ತಾಯಿ ಎದ್ದು ಹೋಗಿ ತಟ್ಟೆ ತೊಳೆಯುವ ನೆಪದಲ್ಲಿ ಅವರಿಗೆ ಬೆನ್ನು ಹಾಕಿ ಕೂತಳು.

ಗುಡ್ಡವಾದ ಮೇಲೆ ಉಳಿದದ್ದು ಕೆರೆ. ಅದು ಕೊನೆಯ ಭಾನುವಾರ. ಮರುದಿನ ಕಾಲೇಜಿನವರಿಗೆ ಕಲ್ಲಪ್ಪ ತನ್ನ ತೀರ್ಮಾನ ತಿಳಿಸಲೇಬೇಕಿತ್ತು, ಅದಾದ ಮೇಲೆ ಬದಲಾವಣೆಗೆ ಅವಕಾಶವಿರಲಿಲ್ಲ. ತಾಯಿ ಕಾರಿನಲ್ಲಿ ಕೂತಾಗ ಕನ್ನಡಿಯಲ್ಲಿ ಮಗನ ಮುಖವನ್ನೇ ನೋಡುತ್ತಿದ್ದಳು. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ.

ಕೆರೆ ದೊಡ್ಡದು. ಒಂದು ದಡದಲ್ಲಿ ಕಾರು ನಿಲ್ಲಿಸುವ ಬಯಲು, ಜಲ್ಲಿ ಹಾಕಿದ ದಾರಿ, ಹಸಿರು ಬಣ್ಣ ಬಳಿದ ಎರಡು ಬಾಗಿಲಿನ ಶೌಚಾಲಯ. ಎದುರು ದಡದಲ್ಲಿ ಆಳೆತ್ತರದ ಜೊಂಡು, ಅದರ ಹಿಂದೆ ಮರಗಳು. ಈಚೆ ದಡದಲ್ಲೇ, ಹೊಂಗೆಯೋ ಬೇವೋ, ಯಾವುದೋ ಒಂದು ಮರದ ನೆರಳಲ್ಲಿ ಚಾಪೆ ಹಾಸಿ ಕೂತರು. ಸಾಸಿವೆ ಎದ್ದಳು.

"ಬಾತ್‌ರೂಮಿಗೆ ಹೋಗ್ಬರ್ತೀನಿ."

"ಇರು, ನಾನೂ ಬಂದೆ."

"ಬೇಡಮ್ಮ. ಇಲ್ಲೇ ಕಾಣ್ಸುತ್ತಲ್ಲ."

ತಾಯಿ ಕೂತಳು, ಎದ್ದಳು, ಮತ್ತೆ ಕೂತಳು. ಕೊನೆಗೆ ನೀರಿನ ಬಾಟಲಿ ತುಂಬಿಸಿಕೊಂಡು ಬರುತ್ತೇನೆಂದು ತುಂಬಿದ ಬಾಟಲಿಯನ್ನೇ ಎತ್ತಿಕೊಂಡು ಹಿಂದೆ ಹೋದಳು. ಗಂಡ ಅದನ್ನು ನೋಡಿಯೂ ಸುಮ್ಮನಿದ್ದ. ಅವಳು ಬಾಗಿಲ ಬಳಿ ಬರುವುದಕ್ಕೂ ಒಳಗಿನಿಂದ ಚಿಲಕ ಬೀಳುವುದಕ್ಕೂ ಸರಿಹೋಯಿತು. ಕಬ್ಬಿಣ ಕಬ್ಬಿಣಕ್ಕೆ ಕೂತ ಸದ್ದು. ಆ ಸದ್ದನ್ನು ಮಗಳಿರುವ ಬಾಗಿಲಿನಲ್ಲಿ ಅವಳು ಕೇಳಿ ಎಷ್ಟು ಕಾಲವಾಗಿತ್ತು!

ಸರಿ, ಚಿಲಕ ಹಾಕಿಕೊಂಡಿದ್ದಾಳೆ. ಹೊರಗಿನ ಜಾಗ, ದೊಡ್ಡ ಹುಡುಗಿ, ಹಾಕಿಕೊಳ್ಳಲಿ. ಈಗ ಹಾಡುತ್ತಾಳೆ.

ಹಾಡು ಬರಲಿಲ್ಲ. ಪಕ್ಕದಲ್ಲಿ ಯಾರದೋ ಮಕ್ಕಳು ನೀರಿಗೆ ಕಲ್ಲು ಎಸೆದು ಕೂಗುತ್ತಿದ್ದರು. ತಾಯಿ ಬಾಗಿಲಿಗೆ ಕಿವಿ ಹಚ್ಚಿದಳು.

"ಸಾಸಿವೆ?"

ಇಲ್ಲ.

"ಪುಟ್ಟಾ, ಹಾಡೇ. ಮೆತ್ತಗೆ ಹಾಡು, ಯಾರೂ ಇಲ್ಲ ಇಲ್ಲಿ."

ಇಲ್ಲ. ಆಮೇಲೆ ಅವಳಿಗೆ ತಾನು ಏನು ಮಾಡುತ್ತಿದ್ದೇನೆಂಬುದೇ ತಿಳಿಯಲಿಲ್ಲ. ಎರಡೂ ಅಂಗೈಯಿಂದ ಬಾಗಿಲನ್ನು ಬಡಿದಳು, ಗಂಡನನ್ನು ಕೂಗಿದಳು, ಕೂಗಿದ ದನಿ ತನ್ನದೇ ಎಂದು ಅವಳಿಗೆ ಅನ್ನಿಸಲಿಲ್ಲ. ಗಂಡ ಕಾರಿನಿಂದ ತನ್ನ ಚರ್ಮದ ಉಪಕರಣದ ಚೀಲ ಎಳೆದುಕೊಂಡು ಓಡಿಬಂದ. ಅವನ ಹಿಂದೆ ಕಲ್ಲಪ್ಪ, ಬರಿಗಾಲಲ್ಲಿ.

"ಚಿಲಕ ಹಾಕ್ಕೊಂಡಿದಾಳೆ. ಹಾಡ್ತಿಲ್ಲ. ಕರೆದೆ, ಮಾತಾಡ್ತಿಲ್ಲ. ಒಡೀರಿ! ಒಡೀರಿ ಬೇಗ!"

"ಸದ್ದು ಕೇಳಿಸ್ತಾ? ಬಿದ್ದ ಸದ್ದು?"

"ಗೊತ್ತಿಲ್ಲ! ಒಡೀರಿ ಅಂದ್ರೆ!"

ಅವನು ಮೊಣಕಾಲೂರಿ ಕೂತು, ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದಿಗೆ ತೆಳ್ಳನೆಯ ಪಟ್ಟಿ ತೂರಿಸಿ ಚಿಲಕದ ನಾಲಗೆಯನ್ನು ಹುಡುಕತೊಡಗಿದ. ಕಲ್ಲಪ್ಪ ಬಾಗಿಲಿಗೆ ಹಣೆ ಒತ್ತಿ ನಿಂತಿದ್ದ. ಅವನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

"ನಾನು ಹೋಗ್ತೀನಿ ಅಮ್ಮ," ಎಂದ. ಅಳು ಬಂದುಬಿಟ್ಟಿತ್ತು ಅವನಿಗೆ. "ಅವಳ ಜೊತೆಗೇ ಹೋಗ್ತೀನಿ. ನಾಳೆನೇ ಹೇಳ್ಬಿಡ್ತೀನಿ ಅವರಿಗೆ. ನನಗೆ ಬೆಟ್ಟದ ಕಾಲೇಜು ಬೇಡ. ಅವಳ ಜೊತೆಗೇ ಇರ್ತೀನಿ."

"ಯಾರ ಜೊತೆಗೆ?" ಎಂದಿತು ಬಾಗಿಲು. "ಎಲ್ಲಿಗೆ?"

ಸಾಸಿವೆಯ ದನಿ. ತೊದಲಿಲ್ಲ, ನಿದ್ದೆಯ ಮಂಪರಿಲ್ಲ, ಸಿಡಿಯಲು ತಯಾರಾದ ದನಿ. ತಾಯಿ ಬಾಗಿಲಿನ ಮುಂದಿನ ಒದ್ದೆ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಇದೀಯಾ? ಅಯ್ಯೋ ನನ್ನ ಪಾಪವೇ, ಇದೀಯೇನೇ? ತೆಗಿ ಬಾಗಿಲು!"

"ತೆಗಿಯಲ್ಲ. ಮೊದಲು ಅವನು ಹೇಳ್ಲಿ."

"ತೆಗೀರಿ ನೀವು, ಏನು ನೋಡ್ತಿದೀರಿ?" ಎಂದು ತಾಯಿ ಗಂಡನ ಹೆಗಲನ್ನು ಅಲುಗಿಸಿದಳು. ಪಟ್ಟಿ ಚಿಲಕಕ್ಕೆ ಸಿಕ್ಕಿತ್ತು. ಒಂದು ಸಲ ಮೀಟಿದರೆ ಸಾಕಿತ್ತು. ಅವನು ಮೆಲ್ಲಗೆ ಅದನ್ನು ಹೊರಗೆಳೆದು ಚೀಲಕ್ಕೆ ಹಾಕಿಕೊಂಡ.

"ಒಳಗಿರೋರು ಬೇಡ ಅಂದ್ರೆ ತೆಗೆಯೋ ಹಾಗಿಲ್ಲ ಕಣೇ," ಎಂದ. "ಲಿಫ್ಟಲ್ಲೂ ನೋಡಿದೀನಿ. ಒಳಗೆ ಸಿಕ್ಕೊಂಡೋರು ಸುಮ್ಮನೆ ಇರ್ತಾರೆ. ಕೂಗಾಡೋರೆಲ್ಲ ಹೊರಗಿರೋರೇ." ಹೇಳಿ ಮಗನ ಕಡೆ ತಿರುಗಿದ. "ಏನೋ ಅದು, ಬೆಟ್ಟದ ಕಾಲೇಜು ಬೇಡ ಅಂದಿದ್ದು?"

ಕಲ್ಲಪ್ಪ ತಾಯಿಯ ಮುಖ ನೋಡಿದ. ತಾಯಿ ನೆಲ ನೋಡಿದಳು. ಇನ್ನು ಮುಚ್ಚಿಡುವುದಕ್ಕೇನಿತ್ತು? ಅವನು ಬಾಗಿಲಿಗೇ ಎಲ್ಲವನ್ನೂ ಹೇಳಿದ. ರಫು ಅಂಗಡಿಯ ಮಧ್ಯಾಹ್ನ, ತಾನು ಅಂದ 'ನೋಡೋಣ', ನಾಳೆಯ ಗಡುವು. ಒಳಗಿನಿಂದ ಬಹಳ ಹೊತ್ತು ಮಾತು ಬರಲಿಲ್ಲ. ಆದರೆ ಈಗ ಆ ಮೌನಕ್ಕೆ ಯಾರೂ ಬಾಗಿಲು ಬಡಿಯಲಿಲ್ಲ.

"ಗುಡ್ಡದಲ್ಲಿ ಬಂತು ಅಮ್ಮ," ಎಂದಳು ಸಾಸಿವೆ.

ತಾಯಿ ಏನು ಬಂತು ಎಂದು ಕೇಳಲಿಲ್ಲ.

"ಬಾಯಲ್ಲಿ ತುಕ್ಕಿನ ರುಚಿ ಬಂತು. ಬರೋಕೆ ಮುಂಚೆ ಬರುತ್ತಲ್ಲ, ಅದೇ. ದಾರಿ ಬಿಟ್ಟು ಹುಲ್ಲಿರೋ ಕಡೆ ಹೋಗಿ, ಬ್ಯಾಗು ತಲೆ ಕೆಳಗಿಟ್ಕೊಂಡು ಪಕ್ಕಕ್ಕೆ ತಿರುಗಿ ಮಲಗಿದೆ. ಚಿಕ್ಕದು. ಕಣ್ಣು ಬಿಟ್ಟಾಗ ಕೈ ಮೇಲೆ ಒಂದು ಇರುವೆ ಹರೀತಿತ್ತು, ಅಷ್ಟೇ. ಮೈಕೈ ಝಾಡಿಸ್ಕೊಂಡು ಎದ್ದು ಬಂದೆ."

ಆ ಹುಲ್ಲಿನ ಕಡ್ಡಿ! ತಾನೇ, ಈ ಬೆರಳುಗಳಿಂದಲೇ ತೆಗೆದು ಎಸೆದದ್ದು. ನೂರು ಕಣ್ಣಿಟ್ಟು ಕಾದವಳ ಮೂಗಿನ ಕೆಳಗೇ ಬಂದು ಹೋಗಿತ್ತು. ವರ್ಷಗಳ ಮೇಲೆ ಅದು ವಾಪಸು ಬಂದಿತೆಂಬ ಭಯ ಒಂದು ಕಡೆ. ತನ್ನ ಮಗಳು ಅದನ್ನು ಒಬ್ಬಳೇ ಎದುರಿಸಿ, ಮೇಲೆ ಬಂದು, ಎಮ್ಮೆಯ ಹಲ್ಲಿನ ಜೋಕು ಮಾಡಿದ್ದಳೆಂಬುದು ಇನ್ನೊಂದು ಕಡೆ. ಇದರಲ್ಲಿ ಯಾವುದಕ್ಕೆ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

"ಯಾಕೆ ಹೇಳ್ಲಿಲ್ಲ ನನಗೆ?"

"ಹೇಳಿದ್ರೆ ಅವತ್ತೇ ಬೇಸಿಗೆ ಮುಗಿಸ್ಬಿಡ್ತಿದ್ದೆ ನೀನು. ಕಾಲೇಜನ್ನೂ. ಡಾಕ್ಟ್ರಿಗೆ ಹೇಳಿದೀನಮ್ಮ, ಮಾರನೇ ದಿನಾನೇ ಫೋನ್ ಮಾಡ್ದೆ. ಗುಳಿಗೆ ಜಾಸ್ತಿ ಮಾಡಿದಾರೆ. ಹಾಸ್ಟೆಲಲ್ಲಿ ನನ್ನ ರೂಮಿಗೆ ಬರೋ ಹುಡುಗೀಗೂ ಹೇಳಿದೀನಿ, ಬಂದ್ರೆ ಏನು ಮಾಡ್ಬೇಕು ಅಂತ. ಅವಳೇನೂ ಹೆದರ್ಕೊಳ್ಳಲಿಲ್ಲ. ಎಡಗಡೆನಾ ಬಲಗಡೆನಾ ಅಂತ ಕೇಳಿದ್ಲು."

ಗಂಡ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಆಗಲೇ ಜಲ್ಲಿಯ ಮೇಲೆ ಒಬ್ಬ ಹೆಂಗಸು ಅವಸರವಸರವಾಗಿ ಬಂದು, ಬಾಗಿಲ ಮುಂದೆ ಒದ್ದೆ ಮೆಟ್ಟಿಲ ಮೇಲೆ ಕೂತವಳನ್ನೂ ಕಣ್ಣೊರೆಸಿಕೊಳ್ಳುತ್ತಿದ್ದ ಹುಡುಗನನ್ನೂ ನೋಡಿ ತಬ್ಬಿಬ್ಬಾದಳು. "ಇನ್ನೂ ತುಂಬಾ ಹೊತ್ತಾಗುತ್ತಾ?"

"ಸ್ವಲ್ಪ ರಿಪೇರಿ ನಡೀತಿದೆ. ಪಕ್ಕದ್ದಕ್ಕೆ ಹೋಗಮ್ಮ," ಎಂದ ಗಂಡ ಚೀಲ ಎತ್ತಿ ತೋರಿಸುತ್ತಾ. ಬಾಗಿಲ ಹಿಂದೆ ಸಾಸಿವೆ ಕಿಸಕ್ಕನೆ ನಕ್ಕದ್ದು ಕೇಳಿಸಿತು.

ಹೆಂಗಸು ಅತ್ತ ಹೋದ ಮೇಲೆ ತಾಯಿ ಬಾಗಿಲಿಗೆ ತಲೆ ಆನಿಸಿದಳು. "ಮತ್ತೆ ಈಗ ಯಾಕೆ ಹಾಡ್ಲಿಲ್ಲ? ಕರೆದೆನಲ್ಲೇ, ಕೇಳಿಸ್ಲಿಲ್ವಾ?"

"ಕೇಳಿಸ್ತು." ದನಿ ಈಗ ಕೆಳಗಿನಿಂದ ಬರುತ್ತಿತ್ತು, ಅವಳೂ ಬಾಗಿಲಿಗೆ ಒರಗಿ ಕೂತಿರಬೇಕು. "ಹಾಡದೆ ಇದ್ರೆ ಹೇಗಿರುತ್ತೆ ಅಂತ ನೋಡ್ಬೇಕಿತ್ತು. ಉತ್ತರ ಕೊಟ್ರೂ ಹಾಡಿದ ಹಾಗೇ ಅಲ್ವಾ? ನೀನು ಇಷ್ಟು ಬೇಗ ಊರು ಸೇರಿಸ್ತೀಯ ಅಂದ್ಕೊಂಡಿರ್ಲಿಲ್ಲ. ತಪ್ಪಾಯ್ತಮ್ಮ." ಸ್ವಲ್ಪ ತಡೆದು ಹೇಳಿದಳು. "ನನಗೆ ಒಬ್ಳೇ ಇದ್ದು ಗೊತ್ತೇ ಇಲ್ಲ. ಬಚ್ಚಲಲ್ಲೂ ನೀನಿರ್ತೀಯ."

ಇಷ್ಟು ವರ್ಷ ನಿನ್ನನ್ನು ಕಾದದ್ದು ಅದೇ ಹಾಡಲ್ಲವೇ ಎಂದು ತಾಯಿಗೆ ಕೇಳಬೇಕೆನಿಸಿತು. ಅದು ನಿಜವೂ ಆಗಿತ್ತು. ಆದರೆ ಮಗಳು ಹೇಳಿದ್ದೂ ನಿಜವೇ ಆಗಿತ್ತಲ್ಲ. ಅವಳು ಮೆಟ್ಟಿಲಿನಿಂದ ಎದ್ದು, ಒದ್ದೆಯಾದ ಬಟ್ಟೆಯನ್ನು ಕೊಡವಿಕೊಂಡಳು.

"ಆಯ್ತು. ನಿನಗೆ ಬೇಕಾದಾಗ ಬಾ," ಎಂದು ಗಂಡನನ್ನೂ ಮಗನನ್ನೂ ಕರೆದುಕೊಂಡು ಚಾಪೆಗೆ ಹೋದಳು. ಆ ಹತ್ತು ಮಾರು ದೂರ ನಡೆಯುವಷ್ಟರಲ್ಲಿ ಅವಳಿಗೆ ಸಾಕುಸಾಕಾಗಿ ಹೋಯಿತು.

ಸಾಸಿವೆ ಬೇಗ ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದಳು. ತಾಯಿ ಅವಳ ಬೆನ್ನಿಗೆ ಎರಡು ಗುದ್ದು ಹಾಕಿದಳು, ಸುಮ್ಮನೆ ಅಲ್ಲ, ಸರಿಯಾಗಿಯೇ. ಆಮೇಲೆ ಆ ಬೆನ್ನನ್ನೇ ತಬ್ಬಿಕೊಂಡು ಅತ್ತಳು. ಕಲ್ಲಪ್ಪ ಚಾಪೆಯ ಅಂಚಿನ ಕಡ್ಡಿ ಕೀಳುತ್ತಾ ಕೂತಿದ್ದ.

"ನಾಳೆ ಏನು ಹೇಳ್ಲಿ ಅಮ್ಮ ಅವರಿಗೆ?"

ಇದೊಂದು ಮಾತಿಗೆ ಅವಳು ಇಡೀ ಬೇಸಿಗೆ ಕಾದಿದ್ದಳು. ಈಗ 'ಹೂಂ' ಎನ್ನಿಸಿಕೊಳ್ಳುವುದು ಎಷ್ಟು ಸುಲಭವಿತ್ತು! 'ಗುಡ್ಡದಲ್ಲಿ ಬಂತಲ್ಲ' ಎಂದರೆ ಸಾಕಿತ್ತು, ಅವನು ಮರುಮಾತಾಡುತ್ತಿರಲಿಲ್ಲ.

"ಏನು ಹೇಳ್ತೀಯ, ಬೆಟ್ಟದ ಊರಿಗೇ ಬರ್ತೀನಿ ಅನ್ನು," ಎಂದಳು. "ಹೋಗುವಾಗ ಮಂಚದ ಕೆಳಗಿರೋ ಕಲ್ಲನ್ನೆಲ್ಲ ಖಾಲಿ ಮಾಡು. ಗುಡಿಸೋಕೆ ಆಗಲ್ಲ ನನಗೆ."

ಕಲ್ಲಪ್ಪ ತಲೆ ತಗ್ಗಿಸಿಕೊಂಡ. ಅಪ್ಪ ಅವನ ಬೆನ್ನ ಮೇಲೆ ಕೈಯಿಟ್ಟ. ಸಾಸಿವೆ ಶೂ ಹಾಕಿಕೊಳ್ಳತೊಡಗಿದಳು.

"ನಾನು ಕೆರೆ ಸುತ್ತಿ ಬರ್ತೀನಿ. ಒಬ್ಳೇ."

"ಜೊಂಡು ಎಷ್ಟು ಎತ್ತರ ಇದೆ ನೋಡಿದೀಯಾ? ಆ ಕಡೆ ಹೋದ್ರೆ ಇಲ್ಲಿಂದ ಕಾಣ್ಸಲ್ಲ ನೀನು."

"ನೀರಿನ ಪಕ್ಕ ನಡೆಯಲ್ಲ. ಜೊಂಡಿನ ಹಿಂದೆ ಮರದ ಕಡೆ ನಡೀತೀನಿ. ಬಂದ್ರೆ ಮಲಗ್ತೀನಿ." ಅವಳು ತಾಯಿಯ ಒಪ್ಪಿಗೆಗೆ ನಿಲ್ಲಲಿಲ್ಲ. ಆದರೆ ಹೊರಟುಬಿಡಲೂ ಇಲ್ಲ. ಲೇಸನ್ನು ಬಿಚ್ಚಿ ಮತ್ತೆ ಕಟ್ಟುತ್ತಾ ಇದ್ದಳು.

ತಾಯಿ ಹೋಗು ಅನ್ನಲಿಲ್ಲ. ಅದಷ್ಟು ಅವಳಿಂದ ಆಗಲಿಲ್ಲ. "ನೀರು ತಗೊಂಡು ಹೋಗು" ಎಂದು ಬಾಟಲಿ ಕೊಟ್ಟಳು.

ಸಾಸಿವೆ ದಡದ ಮೇಲೆ ನಡೆದು ಹೋದಳು. ಮೊದಲು ಅವಳ ಕಾಲು ಜೊಂಡಿನ ಹಿಂದೆ ಮರೆಯಾಯಿತು, ಆಮೇಲೆ ಹೆಗಲು, ಆಮೇಲೆ ತಲೆ. ಗಾಳಿಗೆ ಜೊಂಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲಿತು. ಎಲ್ಲಿ ವಾಲಿದ್ದು ಗಾಳಿಗೆ, ಎಲ್ಲಿ ವಾಲಿದ್ದು ಇನ್ಯಾವುದಕ್ಕೆ? ತಾಯಿ ಅರ್ಧ ಎದ್ದಳು. ಗಂಡ ಅವಳ ಮಣಿಕಟ್ಟು ಹಿಡಿದ.

"ನೋಡ್ತಾ ಕೂತ್ರೆ ಓಡಿಹೋಗ್ಬಿಡ್ತೀನಿ ಕಣ್ರೀ."

"ಮತ್ತೆ?"

ಅವಳು ಅವನ ಕೈ ಬಿಡಿಸಿಕೊಂಡು ತಿರುಗಿ ಕೂತಳು, ಕೆರೆಗೆ ಪೂರ್ತಿ ಬೆನ್ನು ಹಾಕಿ, ಕಾರುಗಳು ನಿಂತಿದ್ದ ಬಯಲಿನ ಕಡೆ ಮುಖ ಮಾಡಿ. ಗಂಡ ಒಂದು ಗಳಿಗೆ ಅವಳನ್ನು ನೋಡಿದ. ಆಮೇಲೆ ಅವನೂ ಹೊರಳಿ ಅವಳ ಪಕ್ಕಕ್ಕೆ ಬಂದು ಕೂತ. ಕಲ್ಲಪ್ಪನೂ ಕೂತ. ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಧೂಳು ಹಿಡಿದ ಕಾರುಗಳು, ಒಂದು ಕಸದ ಡಬ್ಬಿ.

"ಆ ಕೆಂಪು ಕಾರಿನ ಹಿಂದಿನ ಟೈರಲ್ಲಿ ಗಾಳಿ ಕಮ್ಮಿ ಇದೆ," ಎಂದ ಗಂಡ ಸ್ವಲ್ಪ ಹೊತ್ತಾದ ಮೇಲೆ.

"ಹೂಂ," ಎಂದ ಕಲ್ಲಪ್ಪ.

ತಾಯಿ ಚೀಲದಿಂದ ಕಿತ್ತಳೆ ಹಣ್ಣೊಂದನ್ನು ತೆಗೆದು ಸುಲಿಯತೊಡಗಿದಳು. ಸಿಪ್ಪೆಯ ಜೊತೆ ತೊಳೆಯೂ ಹರಿದು ರಸ ಮೊಣಕೈ ತನಕ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಕೆಂಪು ಕಾರಿನವರು ಬಂದರು, ಟೈರು ನೋಡಲೇ ಇಲ್ಲ, ಹತ್ತಿ ಹೊರಟುಹೋದರು. ನೆರಳು ಚಾಪೆಯಿಂದ ಸರಿದು ಅವರ ಕಾಲಿನ ಮೇಲೆ ಬಿಸಿಲು ಬಿತ್ತು.

ಎಷ್ಟೋ ಹೊತ್ತಿನ ಮೇಲೆ ಹಿಂದೆ, ಜಲ್ಲಿಯ ಮೇಲೆ, ಯಾರೋ ನಡೆದು ಬರುವ ಸದ್ದು ಕೇಳಿಸಿತು. ಹತ್ತಿರವಾಯಿತು. ಮೂವರ ಕತ್ತೂ ಒಮ್ಮೆಗೇ ಬಿಗಿಯಿತು. ಕಲ್ಲಪ್ಪ ತಾಯಿಯ ಮುಖ ನೋಡಿದ. ತಾಯಿ, ಕೈಯಲ್ಲಿ ಹಿಡಿದ ಹಣ್ಣಿನಿಂದ ಒಂದು ತೊಳೆ ಬಿಡಿಸಿ ಅವನ ಬಾಯಿಗೆ ಇಟ್ಟಳು, ಮತ್ತೆ ಮುಂದಕ್ಕೇ ನೋಡಿದಳು.